ಗುಪ್ತಗಾಮಿನಿಯ ಊರಿನವರು ಕಡಲಿಗೆ ಹೋದದ್ದು

ಪುಣ್ಯದ ಲೆಕ್ಕದಲ್ಲಿ ನಮ್ಮ ತಿರುಮಕೂಡಲು ನರಸೀಪುರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು. ಅನುಮಾನವಿದ್ದವರು ಗುಂಜಾ ನರಸಿಂಹಸ್ವಾಮಿಯ ಕೈ ನೋಡಬಹುದು, ಗುಲಗಂಜಿ ಅಲ್ಲೇ ಇದೆ. ಆದರೆ ತಕ್ಕಡಿಗೆ ಡಾಲ್ಫಿನ್ ಹಾಕಿದಿರೋ, ಕಾಶಿಯ ಕಡೆಯ ತಟ್ಟೆ ಧೊಪ್ಪನೆ ಕೆಳಗಿಳಿಯುತ್ತದೆ. ಗಂಗೆಯಲ್ಲಿ ಡಾಲ್ಫಿನ್ ಉಂಟು. 2009ರಲ್ಲಿ ಅದಕ್ಕೆ ರಾಷ್ಟ್ರೀಯ ಜಲಚರದ ಪಟ್ಟವೂ ಸಿಕ್ಕಿತು. ಕಾವೇರಿಯ ಪಾಲಿಗೆ ಬಂದದ್ದು ನೀರುನಾಯಿ. ಬಲೆ ಹರಿದು, ಮೀನು ಕದ್ದು, ಬೆಸ್ತರಿಂದ ಬೈಸಿಕೊಂಡು ಬದುಕುವ ಆ ಮೀಸೆಯ ಪ್ರಾಣಿಗೆ ಯಾರು ಪಟ್ಟ ಕಟ್ಟುತ್ತಾರೆ?

ಹಾಗಾಗಿ ಡಾಲ್ಫಿನ್ ಬೇಕೆಂದರೆ ನಾವು ಕಾರವಾರದ ದಾರಿ ಹಿಡಿಯಬೇಕು. ಮನೆಮಂದಿಯೆಲ್ಲ ವ್ಯಾನು ಮಾಡಿಕೊಂಡು ಹೊರಟಾಗ ದೊಡ್ಡಮ್ಮನೂ ಹತ್ತಿದರು. ಹುಟ್ಟಿದ್ದು ನಂಜನಗೂಡು, ಸೊಸೆಯಾಗಿ ಬಂದದ್ದು ನರಸೀಪುರ. ಅಂದರೆ ಕಪಿಲೆ ಹರಿದ ದಾರಿಯಲ್ಲೇ ಬಂದವರು. ನೀರಿನ ವಿಷಯದಲ್ಲಿ ಅವರನ್ನು ಸುಲಭಕ್ಕೆ ಮೆಚ್ಚಿಸಲಾಗದು. ಸಂಗಮದಲ್ಲಿ ತೆಪ್ಪದವನು ಹುಡುಗರನ್ನು ನಗಿಸಲು ಗಿರಗಿರ ತಿರುಗಿಸಿದಾಗಲೂ ಎಲೆಯಡಿಕೆ ಮೆಲ್ಲುತ್ತ ಕೂತಿದ್ದ ಜೀವ ಅದು.

ಸಂಜೆಯ ದೋಣಿ ಕಾಳಿ ನದಿ ಕಡಲು ಸೇರುವಲ್ಲಿಗೆ ಬಂದಾಗ, 'ಇದೂ ಸಂಗಮಾನೇ ಬುಡು' ಎಂದರು. ಎದುರಿಗಿದ್ದ ಕೂರ್ಮಗಡ ದ್ವೀಪದ ಮೇಲೆ ನರಸಿಂಹನ ಗುಡಿ ಇದೆ ಎಂದು ದೋಣಿಯವನು ಹೇಳಿದ್ದೇ ತಡ, 'ನಮ್ಮಪ್ಪ ಇಲ್ಲಿಗೂ ಬಂದವ್ನಾ!' ಎಂದು ಕೈಮುಗಿದರು. ಕೈಮುಗಿಯಲು ಲೈಫ್ ಜಾಕೆಟ್ ಅಡ್ಡ ಬರುತ್ತಿತ್ತು. ಬಿಚ್ಚುತ್ತೇನೆಂದವರಿಗೆ ದೋಣಿಯವನು ಬಿಡಲಿಲ್ಲ, ಬಿಡಬಾರದು ಕೂಡ. 2019ರ ಜನವರಿಯಲ್ಲಿ ಇದೇ ನರಸಿಂಹನ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು.

ಇಲ್ಲಿರುವುದು ಗೂನುಬೆನ್ನಿನ ಡಾಲ್ಫಿನ್. ದಡದ ಹತ್ತಿರದ ಆಳವಿಲ್ಲದ ನೀರು, ನದಿ ಬಂದು ಕೂಡುವ ಅಳಿವೆ ಅದಕ್ಕೆ ಇಷ್ಟ. ಟೀವಿಯಲ್ಲಿ ಚೆಂಡು ಒದೆಯುವ, ಬಳೆಯೊಳಗೆ ನುಗ್ಗುವ ಜಾತಿಯದಲ್ಲ, ಸಂಕೋಚದ ಪ್ರಾಣಿ. ಉಸಿರಾಡಬೇಕಲ್ಲ ಎಂಬ ಒಂದೇ ಕಾರಣಕ್ಕೆ ಮೇಲೆ ಬರುತ್ತದೆ. ಮೊದಲು ಉದ್ದನೆಯ ಮೂತಿಯ ತುದಿ, ಆಮೇಲೆ ಫುಸ್ ಎಂಬ ಸದ್ದು, ಬೂದು ಬಣ್ಣದ ಗೂನು, ಗೂನಿನ ಮೇಲೊಂದು ಪುಟ್ಟ ರೆಕ್ಕೆ. ಅಷ್ಟರಲ್ಲಿ ನೀರು ಮುಚ್ಚಿಕೊಂಡಿರುತ್ತದೆ. 'ಎಲ್ಲಿ? ಎಲ್ಲಿ?' ಎಂದು ದೋಣಿಯೆಲ್ಲ ಒಂದೇ ಮಗ್ಗುಲಿಗೆ ವಾಲುವುದೊಂದೇ ಉಳಿದ ದೃಶ್ಯ. ನಮ್ಮ ಹುಡುಗರ ಮೊಬೈಲಿನಲ್ಲಿ ಅರಬ್ಬೀ ಸಮುದ್ರ ಬಹಳ ಚೆನ್ನಾಗಿ ಬಂದಿದೆ. ಡಾಲ್ಫಿನ್ ಒಂದೂ ಇಲ್ಲ.

'ಕೊಟ್ಟ ದುಡ್ಡು ನೀರುಪಾಲು' ಎಂದು ಒಬ್ಬ ಗೊಣಗಿದ. ದೊಡ್ಡಮ್ಮ ತಿರುಗಿ ನೋಡಿದರು. 'ಏನ್ಲಾ, ನಮ್ಮೂರಲ್ಲಿ ಕಾವೇರಿ, ಕಪಿಲೆ ಕಾಣ್ತವೆ. ಮೂರನೇದು ಸ್ಫಟಿಕ ಸರೋವರ ಗುಪ್ತಗಾಮಿನಿ. ಅದನ್ನ ಯಾವನ್ ಕಂಡವ್ನೆ? ಕಾಣಾಕಿಲ್ಲ ಅಂತ ಮುಳುಗೋದ ಬುಟ್ಟಿದ್ದೀವಾ?' ಕುಂಭಮೇಳಕ್ಕೆ ಸೇರುವಷ್ಟೂ ಜನ ಒಪ್ಪುವ ಈ ವಾದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ನನಗನ್ನಿಸುವಂತೆ ಡಾಲ್ಫಿನ್ ನೋಡಲು ಬೇಕಾದ ತರಬೇತಿ ನಮ್ಮೂರಿನವರಿಗೆ ಹುಟ್ಟಿನಿಂದಲೇ ಆಗಿರುತ್ತದೆ. ಕಣ್ಣಿಗೆ ಬೀಳದ್ದನ್ನೂ ಲೆಕ್ಕಕ್ಕೆ ಹಿಡಿದೇ ತ್ರಿವೇಣಿ ಎನ್ನುವವರು ನಾವು.

ಪಕ್ಕದ ದೋಣಿಯವರಿಗೆ ಆ ತರಬೇತಿ ಇರಲಿಲ್ಲ. 'ಹಿಂದೆ ಬಿಡಣ್ಣಾ, ಇನ್ನೂ ಹತ್ತಿರ' ಎಂದು ಕೂಗುತ್ತ ಗೂನು ಕಂಡ ಕಡೆಗೆಲ್ಲ ಇಂಜಿನ್ ಗುಡುಗಿಸಿಕೊಂಡು ನುಗ್ಗಿದರು. ಅವರು ನುಗ್ಗಿದ ಕಡೆ ಏನೂ ಏಳಲಿಲ್ಲ. ಡಾಲ್ಫಿನ್ ತಾನು ಹೊರಡಿಸಿದ ಸದ್ದಿನ ಮಾರ್ದನಿ ಕೇಳಿಯೇ ದಾರಿ ಕಂಡುಕೊಳ್ಳುವ, ಮೀನು ಹಿಡಿಯುವ ಪ್ರಾಣಿ. ಅದರ ನೆತ್ತಿಯ ಮೇಲೆ ಇಂಜಿನ್ ಮೊರೆದರೆ ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. ಆದ್ದರಿಂದ ಕಾರವಾರಕ್ಕೆ ಹೋದರೆ ಜಾಕೆಟ್ ಬಿಚ್ಚಬೇಡಿ, ಅಟ್ಟಿಸಿಕೊಂಡು ಹೋಗೆಂದು ದೋಣಿಯವನಿಗೆ ದುಂಬಾಲು ಬೀಳಬೇಡಿ. ದೂರದಲ್ಲೇ ಇಂಜಿನ್ ಆರಿಸಪ್ಪ ಎನ್ನಿ.