ಪವರ್ ಪ್ಯಾಡಲ್ಲೂ ಪಂಕ್ಚರ್ ಅಂಗಡಿಯೂ

ಬೆಂಗಳೂರಿನ ಖಾಲಿ ಸೈಟಿಗೆ ಮೊದಲೆಲ್ಲ ಎರಡೇ ಗತಿ. ಕಸ ಬೀಳಬೇಕು, ಇಲ್ಲವೇ ಕಟ್ಟಡ ಏಳಬೇಕು. ಈಗ ಮೂರನೆಯದೊಂದು ಸೇರಿಕೊಂಡಿದೆ: ನೀಲಿ ಬಣ್ಣ ಬಳಿದು, ಸುತ್ತ ಬಲೆ ಕಟ್ಟಿ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುವ ಪಿಕಲ್‌ಬಾಲ್ ಕೋರ್ಟು. ನಮ್ಮ ಬೀದಿಯ ತುದಿಯಲ್ಲೂ ಒಂದು ಬಂತು. ಬೆಳಕು ಹರಿಯುವ ಮುಂಚೆಯೇ ಟಕ್, ಟೊಕ್ ಶುರು. ಮೊದಲ ತಿಂಗಳು ಆ ಸದ್ದಿನ ವಿರುದ್ಧ ಅರ್ಜಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಎರಡನೇ ತಿಂಗಳು ಆ ಸದ್ದು ಮಾಡುವವರಲ್ಲಿ ನಾನೂ ಒಬ್ಬ.

ಆಟ ಹೇಳಿಕೇಳಿ ನನ್ನಂಥ ಸೋಮಾರಿಗಳ ಪಾಲಿನ ವರ. 1965ರಲ್ಲಿ ಅಮೆರಿಕದ ಸಿಯಾಟಲ್ ಹತ್ತಿರದ ಬೈನ್‌ಬ್ರಿಡ್ಜ್ ದ್ವೀಪದಲ್ಲಿ, ರಜೆಯಲ್ಲಿ ಬೇಜಾರೆಂದು ಗೊಣಗುತ್ತಿದ್ದ ಮನೆಮಂದಿಯನ್ನು ಸುಮ್ಮನಾಗಿಸಲು ಜೋಯೆಲ್ ಪ್ರಿಚರ್ಡ್ ಮತ್ತು ಗೆಳೆಯರು ಹಳೇ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಶುರು ಹಚ್ಚಿಕೊಂಡದ್ದು. ಅಳತೆ ಇವತ್ತಿಗೂ ಅದೇ, 20 ಅಡಿಗೆ 44 ಅಡಿ. ಡಬಲ್ಸ್‌ನಲ್ಲಿ ನನ್ನ ಪಾಲಿಗೆ ಬರುವುದು 220 ಚದರ ಅಡಿ. ಅಷ್ಟು ಜಾಗ ಕಾಯಲು ಓಡಬೇಕಾಗಿಲ್ಲ, ಸ್ವಲ್ಪ ಸರಿದಾಡಿದರೆ ಸಾಕು. ನಾನು ಅದನ್ನೂ ಮಾಡುತ್ತಿರಲಿಲ್ಲ ಅನ್ನಿ.

ಬಾಡಿಗೆ ಪ್ಯಾಡಲ್ಲಿನಲ್ಲಿ ನಾಲ್ಕು ದಿನ ಹೊಡೆದದ್ದನ್ನು ನೋಡಿ ಅಕ್ಕನ ಮಗ ಹೇಳಿದ: "ಮಾವ, ನಿಮ್ ಹೊಡೆತದಲ್ಲಿ ಪವರ್ ಇಲ್ಲ."

ಅವನು ಹೇಳಿದ್ದು ನನ್ನ ಭುಜದ ಬಗ್ಗೆ. ನನಗೆ ಕೇಳಿಸಿದ್ದು ಪ್ಯಾಡಲ್ ಬಗ್ಗೆ.

ಹೆಂಡತಿಯ ಮುಂದೆ ಬಜೆಟ್ ಮಂಡನೆಯಾಯಿತು. ಬಟ್ಟೆ ಒಣಗಿಸಲೆಂದೇ ನಮ್ಮ ಮನೆಯಲ್ಲಿ ಒಂದು ಟ್ರೆಡ್‌ಮಿಲ್ ಇರುವ ಕಾರಣ ಅನುದಾನದಲ್ಲಿ ಕಡಿತವಾಗಿ, ಎರಡೂವರೆ ಸಾವಿರಕ್ಕೆ ಮಂಜೂರಾತಿ ಸಿಕ್ಕಿತು. "ಇದರ ಮೇಲೆ ಬಟ್ಟೆನೂ ಒಣಗಲ್ಲ ಕಣ್ರೀ," ಎಂದು ಷರಾ ಬೇರೆ.

ದುಡ್ಡು ಕಡಿಮೆಯಿದ್ದವನು ವಿದ್ಯೆ ಹೆಚ್ಚು ಕಲಿಯುತ್ತಾನೆ. ನಾನು ರಾತ್ರಿಯೆಲ್ಲ ಕೂತು ಪ್ಯಾಡಲ್ ಶಾಸ್ತ್ರ ಓದಿದೆ. ಈ ಆಟಕ್ಕೆಂದೇ ಹುಟ್ಟಿದ ಮೊದಲ ಪ್ಯಾಡಲ್‌ಗಳು ಪ್ಲೈವುಡ್ಡಿನವು. ಪ್ರಿಚರ್ಡ್ ಗೆಳೆಯ ಬಾರ್ನಿ ಮೆಕ್ಯಾಲಮ್ ತನ್ನ ಮನೆಯಲ್ಲೇ ಕೊಯ್ದು ಮಾಡಿದ್ದು. 1984ರಲ್ಲಿ ಬೋಯಿಂಗ್ ಕಂಪನಿಯ ಎಂಜಿನಿಯರ್ ಆರ್ಲೆನ್ ಪರಾಂಟೊ, ವಿಮಾನದ ನೆಲಕ್ಕೆ ಹಾಸುವ ಜೇನುಗೂಡಿನಂಥ ಹಲಗೆಯನ್ನು ಕತ್ತರಿಸಿ ಹೊಸ ಬಗೆಯ ಪ್ಯಾಡಲ್ ಮಾಡಿದ. ಈಗಿನವುಗಳ ಹೊಟ್ಟೆಯಲ್ಲೂ ಜೇನುಗೂಡೇ, ಆದರೆ ಪ್ಲಾಸ್ಟಿಕ್ಕಿನದು. ಅದರ ದಪ್ಪ 16 ಮಿಲಿಮೀಟರ್ ಇದ್ದರೆ ಚೆಂಡು ಹೇಳಿದ ಮಾತು ಕೇಳುತ್ತದೆ. 13ಕ್ಕೆ ಇಳಿದರೆ ಚಿಮ್ಮುತ್ತದೆ. ಮೇಲ್ಮೈ ಕಾರ್ಬನ್ ಫೈಬರ್ ಆದರೆ ಹಿಡಿತ, ಸ್ಪಿನ್ನು. ಫೈಬರ್‌ಗ್ಲಾಸ್ ಆದರೆ ಪುಟಿತ, ಬೆಲೆಯೂ ಕಡಿಮೆ. ಉದ್ದನೆಯ ಪ್ಯಾಡಲ್ಲಿಗೆ ಬೀಸು ಹೆಚ್ಚು, ಹೊಡೆಯಲು ಸಿಗುವ ಜಾಗ ಕಿರಿದು. ಇಷ್ಟು ಓದಿದವನು 16 ಮಿಲಿಮೀಟರಿನದೇ ಕೊಳ್ಳಬೇಕಿತ್ತು. ಆದರೆ ನಾನು ಓದಿದ್ದು ಒಪ್ಪಿಗೆಗೆ, ಬುದ್ಧಿಗಲ್ಲ.

ಅಂಗಡಿಯ ಹುಡುಗ ಒಳ್ಳೆಯವನು. "ಸಾರ್, ಹೊಸಬರಿಗೆ ಇದು ತಗೊಳ್ಳಿ, ಕಂಟ್ರೋಲ್ ಚೆನ್ನಾಗಿದೆ," ಎಂದ.

"ಕಂಟ್ರೋಲ್ ಮನೇಲಿ ಸಾಕಷ್ಟಿದೆ, ನೀನು ಪವರ್ ಕೊಡಪ್ಪ," ಎಂದೆ.

ಕೆ.ಆರ್. ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ಆರಿಸುವ ಗತ್ತಿನಲ್ಲಿ ಒಂದೊಂದನ್ನೂ ಗೆಣ್ಣಿನಿಂದ ತಟ್ಟಿ, ಕಿವಿಗಿಟ್ಟು, ಕೊನೆಗೆ 13 ಮಿಲಿಮೀಟರ್, ಫೈಬರ್‌ಗ್ಲಾಸ್, ಹದಿನಾರೂವರೆ ಇಂಚು ಉದ್ದದ ಒಂದನ್ನು ತಂದೆ. ತೂಕ 240 ಗ್ರಾಂ. ಮೇಲೆ ಬೆಂಕಿಯುಗುಳುವ ಡ್ರ್ಯಾಗನ್ ಚಿತ್ರ.

ಪವರ್ ಬಂತು. ಅದರಲ್ಲಿ ಮೋಸವಿಲ್ಲ. ಹಿಂದೆ ನೆಟ್ಟಿಗೆ ಬೀಳುತ್ತಿದ್ದ ಚೆಂಡು ಈಗ ಹಿಂದಿನ ಬಲೆಗೆ ಬೀಳತೊಡಗಿತು. ವಿಮಾನದ ವಂಶವೆಂಬುದು ಸುಳ್ಳಲ್ಲ, ಏರುವುದು ಗೊತ್ತು, ಗೆರೆಯೊಳಗೆ ಇಳಿಯುವುದು ಮಾತ್ರ ಅದಕ್ಕೆ ಗೊತ್ತಿಲ್ಲ. ಎದುರಿಗೆ ನಿವೃತ್ತ ಗಣಿತದ ಮೇಡಂ. ಅವರದು ಇನ್ನೂ ಬಾಡಿಗೆ ಪ್ಯಾಡಲ್ಲು. ನೆಟ್ಟಿನ ಎರಡೂ ಕಡೆ 7 ಅಡಿ ಜಾಗವಿದೆ, ಕಿಚನ್ ಎನ್ನುತ್ತಾರೆ. ಅದರಲ್ಲಿ ನಿಂತು ಚೆಂಡನ್ನು ಪುಟಿಯುವ ಮೊದಲೇ ಹೊಡೆಯುವಂತಿಲ್ಲ. ಮೇಡಂ ಪ್ರತಿ ಚೆಂಡನ್ನೂ ಮೆತ್ತಗೆ ಅಲ್ಲಿಗೇ ತಳ್ಳುವರು. ನಾನು ಡ್ರ್ಯಾಗನ್ ಸಮೇತ ಬಾಗಿ ಎತ್ತಿದರೆ ಅದು ಪಕ್ಕದ ಕೋರ್ಟಿಗೆ. 11 ಅಂಕಕ್ಕೆ ಆಟ ಮುಗಿಯುತ್ತದೆ. ಅವರು ಹನ್ನೊಂದು ಮುಟ್ಟುವಾಗ ನಾನು ಸಾಮಾನ್ಯವಾಗಿ ಸೊನ್ನೆಯ ಆಸುಪಾಸಿನಲ್ಲಿರುತ್ತಿದ್ದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ದೊಡ್ಡ ಆಟಗಾರರು ಪ್ಯಾಡಲ್ಲಿನ ಅಂಚಿಗೆ ಸೀಸದ ಪಟ್ಟಿ ಅಂಟಿಸಿ ಹೊಡೆತಕ್ಕೆ ಭಾರ ಕೂಡಿಸುತ್ತಾರೆಂದು ಎಲ್ಲೋ ಓದಿದ್ದೆ. ಬಜೆಟ್ ಖಾಲಿ. ಪಂಕ್ಚರ್ ಅಂಗಡಿಗೆ ಹೋದೆ. ಕಾರಿನ ಚಕ್ರದ ಬ್ಯಾಲೆನ್ಸಿಂಗಿಗೆ ಅಂಟಿಸುವ ಐದೈದು ಗ್ರಾಮಿನ ಬಿಲ್ಲೆಗಳು ಅಲ್ಲಿ ಪಟ್ಟಿಪಟ್ಟಿಯಾಗಿ ಸಿಗುತ್ತವೆ. ಅಂಗಡಿಯವನು ಪ್ಯಾಡಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾವ್ ಗಾಡಿದು ಸಾರ್ ಇದು?" ಎಂದ. ನೆತ್ತಿಗೆ ಎರಡು ಅಂಟಿಸಿ, ಮೇಲೆ ಸುತ್ತಿಗೆಯ ಹಿಡಿಯಿಂದ ಎರಡು ಕುಟ್ಟಿ ಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ. ಅದು ಅನುಕಂಪವೆಂದು ಆಗ ಹೊಳೆಯಲಿಲ್ಲ.

ಮರುದಿನ ಮೇಡಂ ಒಂದು ಚೆಂಡನ್ನು ಎತ್ತರಕ್ಕೆ ಎತ್ತಿದರು. ಸ್ಮ್ಯಾಷಿಗೆಂದೇ ಮಾಡಿಸಿದಂತಿತ್ತು. ನಾನು ಎರಡು ಹೆಜ್ಜೆ ಹಿಂದಿಟ್ಟು, ಉಸಿರು ಬಿಗಿಹಿಡಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಬೀಸಿದೆ. ಚೆಂಡು ನೆಟ್ಟಿಗೆ ಬಿತ್ತು. ಬಿಲ್ಲೆ ನೆಟ್ ದಾಟಿತು. ಅವತ್ತು ನನ್ನಿಂದ ಆಚೆ ಹೋದ ಏಕೈಕ ಸ್ಮ್ಯಾಷ್ ಅದು, ಅದೂ ಗೆರೆಯೊಳಗೇ. ಮೇಡಂ ಅದನ್ನೆತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು ಓದಿದರು: "ಐದು ಗ್ರಾಂ. ಇದು ಕಾರಿನದಲ್ವೇನ್ರೀ?" ಪಕ್ಕದ ಕೋರ್ಟಿನಲ್ಲಿ ಆಟವೇ ನಿಂತಿತು. ಅಕ್ಕನ ಮಗ ನನ್ನ ಗುರುತೇ ಇಲ್ಲದವನ ಹಾಗೆ ನೀರಿನ ಬಾಟಲಿ ಹುಡುಕತೊಡಗಿದ.

ಚೆಂಡಿನ ತೂಕ ಹೆಚ್ಚೆಂದರೆ 26.5 ಗ್ರಾಂ, ಮೈತುಂಬ ತೂತು. ಅದನ್ನು ಆಚೆ ದಾಟಿಸಲು ಡ್ರ್ಯಾಗನ್ ಬೇಡ. ಎರಡೂವರೆ ಸಾವಿರದ ಬಜೆಟ್ಟಿನವರು 16 ಮಿಲಿಮೀಟರಿನ, ಉದ್ದ 16 ಇಂಚು, ಅಗಲ 8 ಇಂಚು ಇರುವ, 220ರಿಂದ 230 ಗ್ರಾಮಿನ ಪ್ಯಾಡಲ್ ತೆಗೆದುಕೊಳ್ಳಿ. ತಟ್ಟಿ ನೋಡುವುದು ಮಾತ್ರ ಒಳ್ಳೆಯ ಅಭ್ಯಾಸವೇ: ಒಂದು ಕಡೆ ಒಂದು ಸದ್ದು, ಇನ್ನೊಂದು ಕಡೆ ಬೇರೆ ಸದ್ದು ಬಂದರೆ ಒಳಗಿನ ಪದರ ಬಿಟ್ಟುಕೊಂಡಿದೆ ಎಂದರ್ಥ. ಅಂಥದ್ದನ್ನು ಅಲ್ಲೇ ಇಟ್ಟು ಬನ್ನಿ.

ಪವರ್ರೇ ಬೇಕೆಂದು ಹಟ ಹಿಡಿದವರಿದ್ದರೆ, ನನ್ನದು ಮಾರಾಟಕ್ಕಿದೆ. ನೆತ್ತಿಯಲ್ಲಿ ಅಂಟಿನ ಕಲೆ ಬಿಟ್ಟರೆ ಹೊಸದರಂತಿದೆ. ಉಳಿದ ಒಂದು ಬಿಲ್ಲೆ ಉಚಿತ. ಚೌಕಾಸಿಗೆ ಅವಕಾಶವಿದೆ.