ನಮ್ಮ ಬಳಗದ ಶಾಸ್ತ್ರಿಗಳು

ಭೂಲೋಕದಲ್ಲಿ ಆಟವೆಂಬುದು ಹುಟ್ಟಿದ ದಿನವೇ, 'ತಡೆಯಿರಿ, ನಿಯಮ ಹಾಗಿಲ್ಲ' ಎಂದು ಕೈಯೆತ್ತಿ ಅದನ್ನು ನಿಲ್ಲಿಸತಕ್ಕ ಮಹಾನುಭಾವನೊಬ್ಬನೂ ಹುಟ್ಟಿರಬೇಕೆಂಬುದು ನನ್ನ ದೃಢವಾದ ನಂಬಿಕೆ. ಬೀದಿಯ ಕ್ರಿಕೆಟ್ಟಿನಲ್ಲಿ ಚೆಂಡು ಎದುರುಮನೆಯ ಕಾಂಪೌಂಡಿನೊಳಗೆ ಬಿದ್ದರೆ ಅದು ಔಟೋ, ಆರು ರನ್ನೋ, ಅಥವಾ ಆ ಮನೆಯ ಯಜಮಾನರು ಊರಿನಲ್ಲಿಲ್ಲದ ಪಕ್ಷದಲ್ಲಿ ಮಾತ್ರ ಆರು ರನ್ನೋ ಎಂಬ ಸೂಕ್ಷ್ಮವನ್ನು ನಿರ್ಣಯಿಸುತ್ತಿದ್ದವನು ಅವನೇ. ಬೇಸಿಗೆ ರಜೆಯಲ್ಲಿ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು ಕವಡೆ ಹಾಕುವಾಗ, ಎದುರಾಳಿಯ ಒಂದು ಕಾಯನ್ನಾದರೂ ಕಡಿಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲವೆಂದು ಸ್ವಂತ ಅಜ್ಜಿಯನ್ನೇ ಹೊರಸುತ್ತಿನಲ್ಲಿ ತಡೆದು ನಿಲ್ಲಿಸುತ್ತಿದ್ದವನೂ ಅವನೇ.

ಅಂಥವನೊಬ್ಬನು ಬೆಳೆದು, ಇಂಜಿನಿಯರಿಂಗ್ ಪದವಿ ಪಡೆದು, ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಅನ್ಯರು ಬರೆದ ಪ್ರೋಗ್ರಾಮುಗಳಲ್ಲಿ ದೋಷಾನ್ವೇಷಣೆ ಮಾಡುವುದನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡು, ಜಯನಗರದಲ್ಲಿ ಭಾನುವಾರದ ಮಧ್ಯಾಹ್ನಗಳಲ್ಲಿ ನೆರೆಯುವ ನಮ್ಮ ಬಳಗಕ್ಕೆ ಬಂದು ಸೇರಿದ್ದಾನೆ. ನಿಜನಾಮವನ್ನು ಬಿಟ್ಟು ಎಲ್ಲರೂ ಅವನನ್ನು 'ಶಾಸ್ತ್ರಿಗಳು' ಎನ್ನುವುದು ವಾಡಿಕೆ; ವಯಸ್ಸು ಮೂವತ್ತನ್ನು ಮೀರಿಲ್ಲವಾದರೂ ಅವರ ವಿಷಯದಲ್ಲಿ ಬಹುವಚನವು ತಾನೇ ತಾನಾಗಿ ನಾಲಗೆಗೆ ಬರುತ್ತದೆ. ಕಚೇರಿಯವರು ಯಾವ ಗುಣಕ್ಕಾಗಿ ಅವರಿಗೆ ಸಂಬಳ ಕೊಡುತ್ತಾರೆಯೋ ಆ ಗುಣವನ್ನೇ ನಾವು ಕೋಡುಬಳೆ ಕೊಟ್ಟು ಸಹಿಸುತ್ತೇವೆ. ಅವರು ವಾಸಿಸುವ ವಸತಿಸಮುಚ್ಚಯದ ವಾರ್ಷಿಕ ಸಭೆಯು ಒಮ್ಮೆ ಕೋರಂ ಇಲ್ಲವೆಂಬ ಅವರ ಆಕ್ಷೇಪಣೆಯಿಂದಲೇ ನಿಂತುಹೋಗಿ, ಅರ್ಧ ಗಂಟೆ ಕಾದ ಮೇಲೆ ಕೋರಂ ಅಗತ್ಯವಿಲ್ಲವೆಂಬ ಉಪವಿಧಿಯನ್ನೂ ಅವರೇ ಓದಿ ತೋರಿಸಿದ್ದರಿಂದ ಮತ್ತೆ ಸೇರಿತಂತೆ.

ನಾವು ಆಡುವುದು ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ಕಲ್ಪಿಸಿ, 1974ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಪ್ರಕಟಿಸಿದಾಗ ಒಂದು ಪೆಟ್ಟಿಗೆಯೊಳಗಿನ ಮೂರು ತೆಳು ಪುಸ್ತಿಕೆಗಳಷ್ಟೇ ಆಗಿದ್ದ ಅದು, ಇಂದು ಮುನ್ನೂರು ಪುಟಗಳನ್ನು ಮೀರಿದ ಮೂರು ಮಹಾಸಂಪುಟಗಳಾಗಿಯೂ, ಅವುಗಳ ಮೇಲಿನ ಭಾಷ್ಯ, ಟೀಕೆ, ಪರಿಶಿಷ್ಟಗಳಾಗಿಯೂ ಬೆಳೆದಿದೆ. ಸೂತ್ರ ಚಿಕ್ಕದಾಗಿ ವ್ಯಾಖ್ಯಾನ ದೊಡ್ಡದಾಗುವುದು ನಮ್ಮ ದೇಶದವರಿಗೆ ಹೊಸದಲ್ಲ. ಪರದೆಯೊಂದರ ಮರೆಯಲ್ಲಿ ಕುಳಿತ ಡಂಜನ್ ಮಾಸ್ಟರು, ಎಂದರೆ ನಮ್ಮ ಬಾಯಲ್ಲಿ ಡಿಎಮ್ಮು, ಗುಹೆ, ದುರ್ಗ, ರಾಕ್ಷಸ, ನಿಧಿಗಳನ್ನು ವರ್ಣಿಸುತ್ತಾನೆ. ಉಳಿದವರು ತಲೆಗೊಂದರಂತೆ ಪಾತ್ರ ವಹಿಸಿ, ತಾವೇನು ಮಾಡುವೆವೆಂಬುದನ್ನು ಬಾಯಲ್ಲಿ ಹೇಳುತ್ತಾರೆ. ಫಲವು ಸಂದಿಗ್ಧವಾದಾಗ ಇಪ್ಪತ್ತು ಮುಖದ ದಾಳವನ್ನುರುಳಿಸಿ, ಬಂದ ಅಂಕಕ್ಕೆ ಪಾತ್ರದ ಸಾಮರ್ಥ್ಯವನ್ನು ಕೂಡಿಸಿ, ಗೆದ್ದೆವೋ ಸತ್ತೆವೋ ಎಂದು ನೋಡುವುದು.

ಪಾತ್ರಗಳ ಆಯ್ಕೆಯಲ್ಲಿ ಮನುಷ್ಯನ ಗುಪ್ತಾಭಿಲಾಷೆಗಳು ಹೊರಬೀಳುತ್ತವೆಂದು ಹೇಳುವುದುಂಟು. ವಾರವೆಲ್ಲ 'ನೋವಾಗುವುದಿಲ್ಲ, ಬಾಯಿ ತೆರೆಯಿರಿ' ಎಂದು ಮೃದುವಾಗಿ ನುಡಿಯುವ ನಮ್ಮ ದಂತವೈದ್ಯ ಮಿತ್ರರು ಕೊಡಲಿ ಹಿಡಿದ ಬಾರ್ಬೇರಿಯನ್. ಪ್ರಾಮಾಣಿಕತೆಗೆ ಹೆಸರಾದ ಲೆಕ್ಕಪರಿಶೋಧಕರು ಕಳ್ಳ. ದೇವಸ್ಥಾನದ ಮೆಟ್ಟಿಲನ್ನು ಅಪರೂಪಕ್ಕೆ ಹತ್ತುವ ನಾನು ದೇವತಾನುಗ್ರಹದಿಂದ ಗಾಯ ಮಾಯಿಸುವ ಕ್ಲೆರಿಕ್. ಪರದೆಯ ಹಿಂದೆ ಪ್ರೌಢಶಾಲೆಯ ಗಣಿತದ ಮೇಷ್ಟ್ರು. ಶಾಸ್ತ್ರಿಗಳು ಮಾತ್ರ ತಾವು ಇದ್ದಂತೆಯೇ ಇದ್ದು, ಪುಸ್ತಕ ಓದಿ ಮಂತ್ರ ಕಲಿಯುವ ಮಾಂತ್ರಿಕನಾಗಿದ್ದಾರೆ.

ಅವರು ಫೈರ್‌ಬಾಲ್ ಎಂಬ ಅಗ್ನಿಗೋಲವನ್ನು ಪ್ರಯೋಗಿಸುವ ಕ್ರಮವನ್ನು ನೋಡಬೇಕು. ಇತರ ಮಾಂತ್ರಿಕರಾದರೆ ಎಂಟು ದಾಳ ಎಸೆದು ಶತ್ರುಗಳನ್ನು ಸುಟ್ಟು ಕೈ ತೊಳೆದುಕೊಳ್ಳುತ್ತಾರೆ. ಇವರು ಮೊದಲು ಅಳತೆಪಟ್ಟಿಯನ್ನು ತೆಗೆದು, ಇಪ್ಪತ್ತು ಅಡಿಯ ತ್ರಿಜ್ಯವನ್ನು ನಕಾಶೆಯ ಐದೈದು ಅಡಿಯ ಚೌಕಗಳ ಮೇಲೆ ಎಳೆದು, ದಂತವೈದ್ಯರ ಎಡಗಾಲು ವೃತ್ತದೊಳಗಿದೆಯೋ ಹೊರಗಿದೆಯೋ ಎಂಬ ಪ್ರಶ್ನೆಯನ್ನೆತ್ತಿ, ಜ್ವಾಲೆಯು ಮೂಲೆಗಳನ್ನು ಬಳಸಿ ಹರಡುವುದೆಂಬ ವಾಕ್ಯವನ್ನು ಗ್ರಂಥದಲ್ಲಿ ತೋರಿಸಿ, ಕಂಬದ ಮರೆ ಮರೆಯಲ್ಲವೆಂದು ಸಾಧಿಸಿ, ಅನಂತರವೇ ದಾಳಗಳನ್ನು ಕೈಗೆತ್ತಿಕೊಳ್ಳುವರು. ಆಟದ ಲೆಕ್ಕದಲ್ಲಿ ಯುದ್ಧದ ಒಂದು ಸುತ್ತಿಗೆ ಆರು ಸೆಕೆಂಡು ಮಾತ್ರ. ಶಾಸ್ತ್ರಿಗಳ ಆರು ಸೆಕೆಂಡಿನಲ್ಲಿ ಎರಡು ಸಲ ಕಾಫಿ ಆಗುತ್ತದೆ. ಪಾಳುಕೋಟೆಯೊಂದರ ಬಾಗಿಲ ಮುಂದೆ, ಬೀಗ ತೆರೆಯುವವನು ಬಾಗಿಲನ್ನು ಮುಟ್ಟಿದಂತಾಯಿತೇ ಬೀಗವನ್ನು ಮಾತ್ರ ಮುಟ್ಟಿದಂತಾಯಿತೇ ಎಂಬ ಚರ್ಚೆ ನಡೆದಿದ್ದಾಗ, ತಟ್ಟೆ ತೆಗೆದುಕೊಂಡು ಹೋಗಲು ಬಂದ ಮೇಷ್ಟ್ರ ತಾಯಿ, 'ಇನ್ನೂ ಅದೇ ಬಾಗಿಲ ಹತ್ತಿರವೇ ಇದ್ದೀರಾ?' ಎಂದು ಕೇಳಿದ್ದನ್ನು ನಾನು ಬಲ್ಲೆ. ಆಕೆ ಹೋದ ವಾರವೂ ಹಾಗೆಯೇ ಕೇಳಿದ್ದರು.

ಅವರ ಪಾಂಡಿತ್ಯದ ಶಿಖರವೆಂದರೆ ರೈತರ ಸಾಲಿನ ಪ್ರಸಂಗ. ಒಂದು ಸುತ್ತಿನಲ್ಲಿ ಪ್ರತಿಯೊಬ್ಬನೂ ಪಕ್ಕದವನಿಗೆ ಒಂದು ವಸ್ತುವನ್ನು ದಾಟಿಸಬಹುದೆಂದು ನಿಯಮವಿರುವುದರಿಂದ, ಎರಡು ಸಾವಿರ ರೈತರನ್ನು ಐದೈದು ಅಡಿಗೆ ಒಬ್ಬರಂತೆ ನಿಲ್ಲಿಸಿ ಕೈಯಿಂದ ಕೈಗೆ ಈಟಿಯೊಂದನ್ನು ದಾಟಿಸಿದರೆ, ಅದು ಆರೇ ಸೆಕೆಂಡಿನಲ್ಲಿ ಹತ್ತು ಸಾವಿರ ಅಡಿ ಚಲಿಸಿ ಫಿರಂಗಿಯ ಗುಂಡನ್ನೂ ನಾಚಿಸುವ ವೇಗದಿಂದ ಶತ್ರುವಿನ ಎದೆಯನ್ನು ಹೊಗುವುದೆಂಬುದು ಜಗತ್ತಿನ ಆಟಗಾರರೆಲ್ಲ ಬಲ್ಲ ಹಳೆಯ ವಿನೋದ. ವಿನೋದವೆಂದು ತಿಳಿಯದವರು ಶಾಸ್ತ್ರಿಗಳೊಬ್ಬರೇ. ಇಷ್ಟು ಜನಕ್ಕೆ ಕೂಲಿ ಯಾರು ಕೊಡುತ್ತಾರೆಂದು ಲೆಕ್ಕಪರಿಶೋಧಕರು ಕೇಳಿದರೆ, ತರಬೇತಿಯಿಲ್ಲದ ಆಳಿಗೆ ದಿನಕ್ಕೆ ಎರಡು ಬೆಳ್ಳಿಯಂತೆ ಒಟ್ಟು 400 ಚಿನ್ನದ ನಾಣ್ಯವೆಂದು ಅವರು ಕ್ಷಣದಲ್ಲಿ ಉತ್ತರಿಸಿದರು. ಮೇಷ್ಟ್ರು 2024ರಲ್ಲಿ ಪರಿಷ್ಕೃತವಾಗಿ ಹೊರಬಂದ ಡಂಜನ್ ಮಾಸ್ಟರ್ಸ್ ಗೈಡನ್ನು ತಂದು, ಆಟದ ನಿಯಮಗಳು ಭೌತಶಾಸ್ತ್ರವಲ್ಲವೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿರುವುದನ್ನು ತೋರಿಸಿದರು. ಶಾಸ್ತ್ರಿಗಳು ಅದನ್ನು ಗೌರವದಿಂದ ಓದಿ, ಪುಸ್ತಕವನ್ನು ಮುಚ್ಚಿ, 'ಒಪ್ಪಿದೆ. ಆದರೆ ನಾವಾಡುತ್ತಿರುವುದು 2014ರ ಆವೃತ್ತಿ, ಇದು ಪೂರ್ವಾನ್ವಯವಾಗುವುದಿಲ್ಲ' ಎಂದರು.

ಡಿಎಮ್ಮಿನ ತೀರ್ಪೇ ಕೊನೆಯ ತೀರ್ಪೆಂಬ ಮೂಲತತ್ತ್ವವನ್ನು ಅವರು ಎಂದೂ ಅಲ್ಲಗಳೆದವರಲ್ಲ. ಅಲ್ಲಗಳೆದಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ತೀರ್ಪು ಹೊರಬಿದ್ದೊಡನೆ ತಲೆಬಾಗಿ, ದಿನಾಂಕಸಮೇತ ಅದನ್ನೊಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ನಿದ್ದೆಗಣ್ಣಿನಲ್ಲಿ ಮೇಷ್ಟ್ರು ಆಡಿದ ಒಂದು 'ಹೂಂ' ಎರಡು ವರ್ಷಗಳ ತರುವಾಯ ಪೂರ್ವನಿದರ್ಶನವಾಗಿ ಎದ್ದುಬಂದು ಅವರ ಎದುರಿಗೇ ನಿಲ್ಲುತ್ತದೆ. ಇದೆಲ್ಲ ವಿದೇಶದ ವಿದ್ಯೆಯೆಂದು ಯಾರಾದರೂ ಹಂಗಿಸಿದರೆ ಅವರು ನೇರವಾಗಿ ಮಹಾಭಾರತದ ಸಭಾಪರ್ವಕ್ಕೆ ಹೋಗುತ್ತಾರೆ. ದ್ಯೂತದಲ್ಲಿ ತನ್ನನ್ನು ತಾನು ಮೊದಲು ಸೋತವನಿಗೆ ಹೆಂಡತಿಯನ್ನು ಪಣವೊಡ್ಡುವ ಅಧಿಕಾರವೆಲ್ಲಿಯದೆಂದು ದ್ರೌಪದಿಯು ಕೇಳಿದ್ದು ಶುದ್ಧಾಂಗವಾಗಿ ನಿಯಮದ ಪ್ರಶ್ನೆ. ಭೀಷ್ಮನಂಥ ಭೀಷ್ಮನೂ ಧರ್ಮವು ಸೂಕ್ಷ್ಮವೆಂದು ನುಣುಚಿಕೊಂಡಾಗ, ಕೌರವ ಸೋದರರಲ್ಲಿ ಎದ್ದುನಿಂತು ಆ ಪಣ ಅಸಿಂಧುವೆಂದು ವಾದಿಸಿದವನು ವಿಕರ್ಣನೊಬ್ಬನೇ. ಅರ್ಜುನ, ಕರ್ಣರ ಮೇಲೆ ಅಭಿಮಾನವಿರಿಸಿಕೊಂಡವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ವಿಕರ್ಣನ ಅಭಿಮಾನಿಯನ್ನು ಕಂಡದ್ದು ಇದೊಂದೇ ಸಲ.

ವಿಕರ್ಣನನ್ನು ಅವರು ಮೆಚ್ಚುವುದು ಬಾಯಿಮಾತಿಗಲ್ಲವೆಂಬುದು ಮಾಂತ್ರಿಕನ ಮರಣದ ದಿನ ನಮಗೆ ಗೊತ್ತಾಯಿತು. ಓಗರ್ ಎಂಬ ನರಭಕ್ಷಕ ದೈತ್ಯನ ಗದೆಗೆ ಸಿಕ್ಕಿ ಶಾಸ್ತ್ರಿಗಳ ಮಾಂತ್ರಿಕನು ಮೂರ್ಛೆಹೋಗಿದ್ದ. ಮೂರ್ಛಿತನು ಸರದಿಗೊಮ್ಮೆ ದಾಳ ಹಾಕಿ, ಮೂರು ಸಲ ಸೋತರೆ ಸತ್ತಂತೆ; ಒಂದು ಸೋಲು ಆಗಲೇ ಆಗಿಹೋಗಿತ್ತು. ದೈತ್ಯನು ಬಿದ್ದವನ ಮೇಲೆ ಮತ್ತೊಂದು ಪೆಟ್ಟು ಹಾಕಿದನು. ಮೇಷ್ಟ್ರು ಕನಿಕರದಿಂದ, 'ಇನ್ನೊಂದು ಸೋಲು ಬರೆದುಕೊ' ಎಂದರು. ನಾವೆಲ್ಲ ನಿಟ್ಟುಸಿರು ಬಿಡುವಷ್ಟರಲ್ಲಿ ಶಾಸ್ತ್ರಿಗಳ ಕೈ ಮೇಲೆದ್ದಿತು. ಮೂರ್ಛಿತನನ್ನು ಐದಡಿಯೊಳಗಿನಿಂದ ಹೊಡೆದ ಪೆಟ್ಟು ತಾನಾಗಿಯೇ ಮಹಾಘಾತವೆನಿಸಿಕೊಳ್ಳುತ್ತದೆ. ಮಹಾಘಾತಕ್ಕೆ ಎರಡು ಸೋಲು. ಒಂದಕ್ಕೆರಡು ಕೂಡಿ ಮೂರು. ಆದ್ದರಿಂದ 'ನಾನು ಸತ್ತಿದ್ದೇನೆ' ಎಂದು ಪರಮಾನಂದದಿಂದ ಸಾರಿದರು.

ಗಾಬರಿಯಾಗಲು ಕಾರಣವಿರಲಿಲ್ಲ. ಸತ್ತ ಒಂದು ನಿಮಿಷದೊಳಗೆ ಎಬ್ಬಿಸುವ ಮಂತ್ರ ನನ್ನ ಬಳಿ ಇತ್ತು, ಅದಕ್ಕೆ ಬೇಕಾದ ವಜ್ರವೂ ಜೋಳಿಗೆಯಲ್ಲಿತ್ತು. ನಾನು ವಜ್ರವನ್ನು ಹೊರತೆಗೆದೆನೆಂದು ಹೇಳಿದ್ದೇ ತಡ, ಮೃತರು ಆಕ್ಷೇಪಿಸಿದರು. ಮಂತ್ರಕ್ಕೆ 300 ಚಿನ್ನದ ನಾಣ್ಯ ಬೆಲೆಬಾಳುವ ವಜ್ರವಾಗಬೇಕು. ಈ ವಜ್ರವನ್ನು ಪೇಟೆಯಲ್ಲಿ ಶಾಸ್ತ್ರಿಗಳೇ ಒಂದು ಭಾನುವಾರವನ್ನೆಲ್ಲ ವ್ಯಯಿಸಿ, ಚಿಕ್ಕಪೇಟೆಯ ವರ್ತಕರೂ ಮೆಚ್ಚುವಂತೆ ಚೌಕಾಸಿ ಮಾಡಿ, 250ಕ್ಕೆ ಇಳಿಸಿ ಕೊಂಡಿದ್ದರು. 'ಬೆಲೆ 300ರದೇ, ನೀನು ಕೊಟ್ಟದ್ದು ಕಡಿಮೆ, ಅಷ್ಟೆ' ಎಂದರು ಮೇಷ್ಟ್ರು. ನೋಟುಬುಕ್ಕು ತೆರೆಯಿತು: ಕೊಳ್ಳುವವನೂ ಮಾರುವವನೂ ಒಪ್ಪಿದ್ದೇ ವಸ್ತುವಿನ ಬೆಲೆಯೆಂದು ಮೇಷ್ಟ್ರೇ ಅಂದು ತೀರ್ಪಿತ್ತಿದ್ದರು. ದಂತವೈದ್ಯರು ಬಾಯಿ ಮುಚ್ಚಿಕೊಂಡು ಬದುಕೆಂದು ಬೇಡಿದರು. ಉಳಿದ ಐವತ್ತನ್ನು ವರ್ತಕನಿಗೆ ಈಗಲೇ ಸಲ್ಲಿಸಿಬಿಟ್ಟರೆ ಆಗದೇ ಎಂದು ಲೆಕ್ಕಪರಿಶೋಧಕರು ಕೇಳಿದರು. ವರ್ತಕನಿರುವುದು ಎರಡು ದಿನದ ದಾರಿಯಲ್ಲಿ, ಮಂತ್ರಕ್ಕಿರುವ ಗಡುವು ಒಂದು ನಿಮಿಷ, ಅದರಲ್ಲಿ ಆಗಲೇ ಎರಡು ಸುತ್ತು ಕಳೆದಿವೆಯೆಂದು ಹೆಣವೇ ಲೆಕ್ಕ ಒಪ್ಪಿಸಿತು.

ಕೊನೆಗೆ ಮೇಷ್ಟ್ರು ಸೋತು, ಪರದೆಯ ಹಿಂದಿನಿಂದಲೇ ಮರಣವನ್ನು ದೃಢಪಡಿಸಿದರು. ಆಮೇಲಾದರೂ ಆಟ ಮುಂದೆ ಸಾಗಬೇಕಷ್ಟೆ? ಶವವು ನಿಯಮದ ದೃಷ್ಟಿಯಲ್ಲಿ ಪ್ರಾಣಿಯಲ್ಲ, ವಸ್ತು. ಆದಕಾರಣ ನಮ್ಮ ಮಾಯಾಚೀಲದಲ್ಲಿ ಇಡಬಹುದು. ಆದರೆ ಆ ಚೀಲದ ಮಿತಿ 500 ಪೌಂಡು, 64 ಘನ ಅಡಿ. ಅದರಲ್ಲಿ ದಂತವೈದ್ಯರು ಕಂಡಕಂಡಲ್ಲಿ ಕಿತ್ತುತಂದ ಕಂಚಿನ ಬಾಗಿಲುಗಳಿವೆ. ಅವನ್ನು ಹೊರಗೆ ಹಾಕದೆ ತಮ್ಮ ಕಳೇಬರ ಹಿಡಿಯುವುದಿಲ್ಲವೆಂದು ಶಾಸ್ತ್ರಿಗಳು ಪಟ್ಟುಹಿಡಿದರು. ದಂತವೈದ್ಯರು ಬಾಗಿಲುಗಳನ್ನು ಬಿಡಲೊಲ್ಲರು. ಈ ವ್ಯಾಜ್ಯದ ನಡುವೆ ಲೆಕ್ಕಪರಿಶೋಧಕರು ಮೆಲ್ಲಗೆ, ಮೃತನ ಮಂತ್ರಪುಸ್ತಕದ ಬೆಲೆ 50 ಚಿನ್ನವಲ್ಲವೇ, ಅದನ್ನು ಮಾರಿ ಹಂಚಿಕೊಳ್ಳೋಣವೆಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

'ಬಳಸಿದ ಸಾಮಾನಿಗೆ ಅರ್ಧ ಬೆಲೆ' ಎಂದರು ಶಾಸ್ತ್ರಿಗಳು, ಕೋಡುಬಳೆಯ ತಟ್ಟೆಗೆ ಕೈಹಾಕುತ್ತ. 'ಇಪ್ಪತ್ತೈದೇ ಬರುವುದು.'