ವಿಆರ್‌ಎಸ್ ತಗೊಂಡ ಕಾರು

ಕಾರು ತಂದ ಮೊದಲ ದಿನವೇ ಹನಗೋಡಿನ ಟೀ ಅಂಗಡಿ ಮುಂದೆ ನಿಲ್ಲಿಸಿದ್ದು ನನ್ನದೇ ತಪ್ಪು. ಟೆಲಿಫೋನ್ ಲೈನ್‌ಮನ್ ಆಗಿದ್ದು ಈಗ ಮನೆಯಲ್ಲಿರುವ ದೊಡ್ಡಪ್ಪ ಒಬ್ಬರು ಎದ್ದು ಬಂದು, ಕಾರಿನ ಮೂತಿಗೆ ಮೂತಿಯಿಟ್ಟು, ಜಾಲರಿ ಮೇಲಿನ ಬಿಲ್ಲೆಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು.

“ವಿ... ಆರ್... ಎಸ್. ಓಹೋ, ಇದೂ ತಗೊಂಡ್‌ಬುಡ್ತಾ? ಎಷ್ಟ್ ಬಂತ್ಲಾ ಇದ್ಕೆ?”

2019ರ ಕೊನೆಯಲ್ಲಿ ಬಿಎಸ್‌ಎನ್‌ಎಲ್‌ನ ಸುಮಾರು 78,000 ಮಂದಿ ಸ್ವಯಂ ನಿವೃತ್ತಿಗೆ ಅರ್ಜಿ ಬರೆದರಲ್ಲ, ಅವರಲ್ಲಿ ಈ ದೊಡ್ಡಪ್ಪನೂ ಒಬ್ಬರು. ವಿಆರ್‌ಎಸ್ ಅಂದರೆ ಏನೆಂದು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ನಾನು ಬಿಡದೆ, “ಹಂಗಲ್ಲ ದೊಡ್ಡಪ್ಪ, ವಿ ಅಂದ್ರೆ ವಿಕ್ಟರಿ, ಆರ್‌ಎಸ್ ಅಂದ್ರೆ ರ‍್ಯಾಲಿ ಸ್ಪೋರ್ಟ್. ಇದರ ವಂಶದ 130 ಆರ್‌ಎಸ್ ಅನ್ನೋ ಕಾರು 1977ರಲ್ಲಿ ಮಾಂಟೆ ಕಾರ್ಲೊ ರ‍್ಯಾಲೀಲಿ ತನ್ನ ವರ್ಗಕ್ಕೇ ಮೊದಲು ಬಂದಿತ್ತು” ಅಂದೆ.

“ಆಮ್ಯಾಕೆ ವಿಆರ್‌ಎಸ್ ತಗೊಂತಾ?” ಅಂದರು.

ಟೀ ಅಂಗಡಿ ಇಡೀ ನಕ್ಕಿತು. ಅವತ್ತಿನಿಂದ ಊರಲ್ಲಿ ನನ್ನ ಕಾರಿಗೆ ‘ರಿಟೈರಾದ ಸ್ಕೋಡಾ’ ಎಂದೇ ಹೆಸರು.

ಇದರ ಕುಲಗೋತ್ರ ಹೇಳದೆ ಮುಂದೆ ಹೋಗುವಂತಿಲ್ಲ. ಸ್ಕೋಡಾದವರು 2001ರಲ್ಲಿ ಔರಂಗಾಬಾದಿನಲ್ಲಿ ಆಕ್ಟೇವಿಯಾ ಕಾರನ್ನು ಜೋಡಿಸತೊಡಗಿದರು. ಆ ಕಾಲದಲ್ಲಿ ನಮ್ಮ ಹುಣಸೂರು ರಸ್ತೆಯಲ್ಲಿ ಓಡಾಡುತ್ತಿದ್ದುದು ಬಹುಪಾಲು ಡಾಕ್ಟರುಗಳ, ಕಂಟ್ರಾಕ್ಟರುಗಳ ಡೀಸೆಲ್ ಆಕ್ಟೇವಿಯಾ. 90 ಕುದುರೆಯ ಬಲ, ಗಂಭೀರ ನಡಿಗೆ. ಕೆಲವು ವರ್ಷದ ಮೇಲೆ ಅದೇ ಮೈಕಟ್ಟಿನೊಳಗೆ 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ ಕೂರಿಸಿ, ಮೂತಿಗೆ ವಿಆರ್‌ಎಸ್ ಬಿಲ್ಲೆ ಹೊಡೆದು, 150 ಕುದುರೆ ಕಟ್ಟಿ ಬಿಟ್ಟರು. ಸಿಲಿಂಡರಿಗೆ ಐದರಂತೆ ನಾಲ್ಕಕ್ಕೆ ಇಪ್ಪತ್ತು ವಾಲ್ವು. ಯುರೋಪಿನಲ್ಲಿ ಇದೇ ಕಾರಿಗೆ 180 ಕುದುರೆ ಇತ್ತು. ನಮ್ಮಲ್ಲಿಗೆ ಬರುವಷ್ಟರಲ್ಲಿ ಮೂವತ್ತು ಕುದುರೆ ದಾರಿಯಲ್ಲೆಲ್ಲೋ ಮೇಯಲು ನಿಂತವು. 2020ರಲ್ಲಿ ಬಂದ ಆರ್‌ಎಸ್ 245ಕ್ಕೆ ಕುದುರೆಗಳೇನೋ 245 ಇದ್ದವು, ಆದರೆ ಇಡೀ ದೇಶಕ್ಕೆ ಬಂದ ಕಾರೇ 200. ಅದರಲ್ಲೊಂದು ಸೆಕೆಂಡ್ ಹ್ಯಾಂಡ್ ಆಗಿ, ಥರ್ಡ್ ಹ್ಯಾಂಡ್ ಆಗಿ, ಕೊನೆಗೆ ನನ್ನ ಕೈಗೆ ಎಟುಕುವ ಹೊತ್ತಿಗೆ ಪೆಟ್ರೋಲ್ ಬಂಕುಗಳು ಇರುತ್ತವೋ ಇಲ್ಲವೋ. ಹಾಗಾಗಿ ಹಳೆಯದಕ್ಕೇ ಗಂಟುಬಿದ್ದೆ.

ಆ ವರ್ಷ ಹೊಗೆಸೊಪ್ಪಿಗೆ ಒಳ್ಳೆ ರೇಟು ಸಿಕ್ಕಿತ್ತು. ಟ್ರ್ಯಾಕ್ಟರಿಗೆ ಹೊಸ ಟ್ರೈಲರ್ ತರುವುದೆಂದು ಮನೆಯಲ್ಲಿ ಮಾತಾಗಿತ್ತು. ನಾನು ಹೊಸ ಬುಲೆಟ್ ಗಾಡಿಯ ಬೆಲೆಗೆ ಕಾರೇ ಬರುತ್ತದೆಂದು ಲೆಕ್ಕ ಒಪ್ಪಿಸಿ ಬೆಂಗಳೂರಿಗೆ ಹೊರಟೆ. ಅಪ್ಪ ಜೊತೆಗೆ ಬಂದದ್ದು ಕಾರು ನೋಡಲು ಅಲ್ಲ, ನನ್ನನ್ನು ನೋಡಿಕೊಳ್ಳಲು.

ಬ್ರೋಕರ್ ಮೂರು ಕಾರು ತೋರಿಸಿದ. ಮೂರಕ್ಕೂ ವಿಆರ್‌ಎಸ್ ಬಿಲ್ಲೆ! ನನ್ನ ಬಾಯಲ್ಲಿ ನೀರೂರಿತು. ಅಪ್ಪನಿಗೆ ಮಾತ್ರ ಗುಮಾನಿ. ಕಟ್ಟೆಮಳಲವಾಡಿಯ ಹರಾಜು ಕಟ್ಟೆಯಲ್ಲಿ ನಲವತ್ತು ವರ್ಷ ಹೊಗೆಸೊಪ್ಪಿನ ಬೇಲು ಇಟ್ಟ ಮನುಷ್ಯ. ಬೇಲಿನ ಮೇಲೊಂದು ಚೀಟಿ ಇರುತ್ತದೆ, ಮೇಲ್ಪದರದಲ್ಲಿ ನಿಂಬೆಹಣ್ಣಿನ ಬಣ್ಣದ ಚಂದದ ಎಲೆ ಇರುತ್ತದೆ. ಒಳಗೆ ಬುಡದೆಲೆ, ಕಂದುಗಟ್ಟಿದ್ದು, ಬ್ಯಾರನ್ನಿನಲ್ಲಿ ಬೆಂಕಿ ಹೆಚ್ಚಾಗಿ ಸೀದದ್ದು ಅವಿತಿರಬಹುದು. ಕೊಳ್ಳಲು ಬಂದವರು ಬೇಲಿನ ಹೊಟ್ಟೆಗೆ ಕೈ ಹಾಕಿ ಒಂದು ಹಿಡಿ ಎಳೆದು ನೋಡುವುದು ಅದಕ್ಕೇ.

“ಚೀಟಿ ಓದ್ಕೊಂಡು ನಿಂತ್ಕೊಬ್ಯಾಡ. ಹೊಟ್ಟೆಗೆ ಕೈ ಹಾಕ್ಲಾ” ಅಂದರು ಅಪ್ಪ.

ಕಾರಿನ ಹೊಟ್ಟೆ ಯಾವುದು? ಮೊದಲನೆಯದನ್ನು ಸ್ಟಾರ್ಟ್ ಮಾಡಿಸಿದೆವು. ಕೀಲಿ ತಿರುಗಿಸಿದ ಕೂಡಲೇ ಹಿಟ್ಟಿನ ಗಿರಣಿ ಶುರುವಾದಂತೆ ಕಟಕಟ. “ಇದು ಡೀಸ್ಲು” ಎಂದು ಅಪ್ಪ ಮುಂದೆ ಹೋದರು. ಬ್ರೋಕರ್ ಒಂದಿಷ್ಟೂ ನಾಚದೆ, “ಡೀಸೆಲ್‌ನಲ್ಲೇ ವಿಆರ್‌ಎಸ್ ಸಾರ್, ಸ್ಪೆಷಲ್” ಅಂದ. ಬಿಲ್ಲೆಯ ವಿಷಯ ನನಗೆ ಆಮೇಲೆ ತಿಳಿಯಿತು. ಜೆ.ಸಿ. ರಸ್ತೆಗೆ ಹೋದರೆ ಯಾವ ಕಾರಿಗೆ ಯಾವ ಕುಲದ ಬಿಲ್ಲೆ ಬೇಕೋ ಅದು ಸಿಗುತ್ತದೆ. ಅಂಟು ಹಚ್ಚಿ ಒತ್ತಿದರೆ ಆಯಿತು, ಉಪನಯನ ಮುಗಿದಂತೆ.

ಎರಡನೆಯದರ ಆರ್‌ಸಿಯಲ್ಲಿ 1984 ಸಿ.ಸಿ. ಎಂದಿತ್ತು. ಅದೂ ಪೆಟ್ರೋಲೇ, ಆದರೆ ಟರ್ಬೊ ಇಲ್ಲದ ಎರಡು ಲೀಟರಿನದು. ನಮಗೆ ಬೇಕಾದದ್ದು 1781. ಮೂರನೆಯದರಲ್ಲಿ ಆ ಸಂಖ್ಯೆ ಇತ್ತು. ಆದರೆ ಸಿ.ಸಿ. ಒಂದೇ ಕೂಡಿಬಂದರೆ ಸಾಲದೆಂದು ನಾನು ಓದಿಕೊಂಡು ಹೋಗಿದ್ದೆ. ಈ ಕಾರುಗಳ ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಳಿಯಲ್ಲಿ ಒಂದು ಬಿಳಿ ಕಾಗದ ಅಂಟಿಸಿರುತ್ತಾರೆ. ಹದಿನೇಳು ಅಕ್ಷರದ ಚಾಸಿ ನಂಬರು, ಎಂಜಿನ್ನಿನ ಗುರುತು, ಗೇರ್‌ಬಾಕ್ಸಿನ ಗುರುತು, ಬಣ್ಣದ ಗುರುತು ಎಲ್ಲ ಅದರಲ್ಲಿರುತ್ತದೆ. ಅದರ ಜೋಡಿ ಕಾಗದ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಎರಡೂ ಒಂದನ್ನೊಂದು ಒಪ್ಪಬೇಕು, ಎರಡೂ ಆರ್‌ಸಿಯನ್ನು ಒಪ್ಪಬೇಕು. ಹೆಣ್ಣು ನೋಡಲು ಹೋಗಿ ಜಾತಕ ಕೂಡಿಸಿದ ಹಾಗೇ.

ಸ್ಟೆಪ್ನಿ ಎತ್ತಿದೆವು. ಕಾಗದ ಇತ್ತು. ಅದರ ಮೇಲೆ ಯಾವಾಗಲೋ ಚೆಲ್ಲಿದ ಎಣ್ಣೆ ಇತ್ತು, ಒಂದು ಸತ್ತ ಹಲ್ಲಿಯೂ ಇತ್ತು. ಅಪ್ಪ ಹೆಗಲ ಮೇಲಿನ ಟವಲಿನಿಂದ ಒರೆಸಿದರು. ನಾನು ಬಗ್ಗಿ ಒಂದೊಂದೇ ಅಕ್ಷರ ಓದಿ ಹೇಳಿದೆ, ಅವರು ಆರ್‌ಸಿ ಹಿಡಿದು “ಸೈ, ಸೈ” ಎನ್ನುತ್ತ ಹೋದರು. ಹದಿನೇಳನೆಯ ಸೈ ಬಂದಾಗ ನನ್ನ ಕಣ್ಣಲ್ಲಿ ನೀರು. ಎಣ್ಣೆಯ ವಾಸನೆಗೆ ಅಂದುಕೊಳ್ಳಿ.

ಇಷ್ಟು ಕಷ್ಟಪಟ್ಟು ಗುರುತು ಹಿಡಿದ ಅಸಲಿ ಚಿನ್ನವನ್ನು ಊರಿಗೆ ತಂದೆನೋ, ಮೊದಲ ಮಾತಿಗೇ ಅದು ರಿಟೈರಾಯಿತು. ಎರಡನೆಯ ಪೆಟ್ಟು ಪಿರಿಯಾಪಟ್ಟಣದ ಕಡೆಯ ನಮ್ಮ ಭಾವಮೈದುನನಿಂದ ಬಿತ್ತು. ಅವನದೂ ಆಕ್ಟೇವಿಯಾ, ಡೀಸೆಲ್. ಅದಕ್ಕೂ ವಿಆರ್‌ಎಸ್ ಬಿಲ್ಲೆ, ಅದೂ ಎರಡು. ಹಬ್ಬಕ್ಕೆ ಬಂದವನು ಎಲ್ಲರೆದುರು ನನ್ನ ಆರ್‌ಸಿ ಕೇಳಿ ಇಸಕೊಂಡ.

“ಬಾವ, ನಿಮ್ದು ಎಷ್ಟು? 1781. ನಮ್ದು 1896.”

ನೆರೆದವರೆಲ್ಲ ನನ್ನತ್ತ ಕನಿಕರದಿಂದ ನೋಡಿದರು. ನೂರಹದಿನೈದು ಕಡಿಮೆ! ಸಿ.ಸಿ. ಎಂಬುದು ಬರೀ ಹೊಟ್ಟೆಯ ಅಳತೆ, ಬಲದ ಅಳತೆಯಲ್ಲ ಎಂದೆ. ಟರ್ಬೊ ಅಂದರೆ ಕುಲುಮೆಯ ತಿದಿ ಇದ್ದ ಹಾಗೆ, ಹೊಗೆ ಹೋಗುವ ರಭಸಕ್ಕೇ ಚಕ್ರ ತಿರುಗಿ ಗಾಳಿಯನ್ನು ಒಳಕ್ಕೆ ಒತ್ತುತ್ತದೆ ಎಂದೆ. “ನಮ್ಗೂ ಐತೆ ಟರ್ಬೊ” ಅಂದ. ಅದು ನಿಜ. ನನ್ನದು 150 ಕುದುರೆ, ನಿನ್ನದು 90 ಎಂದೆ. “ಎಲ್ಲಿ ಬರ್ದೈತೆ?” ಅಂದ. ನನ್ನ ಕಾರ್ಡಿನಲ್ಲಿ ಸಿ.ಸಿ. ಇದೆ, ಸೀಟು ಎಷ್ಟೆಂದು ಇದೆ, ತೂಕ ಇದೆ. ಕುದುರೆ ಇಲ್ಲ.

ಓಡಿಸಿ ತೋರಿಸೋಣವೆಂದರೆ ನಮ್ಮ ಹಳ್ಳಿಗಳ ದಾರಿಯಲ್ಲಿ 150 ಕುದುರೆಗೆ ಜಾಗವೆಲ್ಲಿ? ಹಂಪು ಬಂದರೆ ಒಳಗಿದ್ದವರನ್ನೆಲ್ಲ ಇಳಿಸಿ, ಕಾರನ್ನು ಓರೆ ಮಾಡಿ, ಬಸುರಿಯನ್ನು ನಡೆಸಿದಂತೆ ದಾಟಿಸಬೇಕು. ಹಂಪು ಮುಗಿದರೆ ಮುಂದೆ ಹೊಗೆಸೊಪ್ಪು ಹೇರಿದ ಟ್ರ್ಯಾಕ್ಟರು. ಕಾಡಂಚಿಗೆ ಹೋದರೆ ಆನೆ. ನಾಗರಹೊಳೆಯ ಆನೆಗೆ ಬಿಲ್ಲೆ ಓದಲು ಬರುವುದಿಲ್ಲ. ಒಮ್ಮೆ ವೀರನಹೊಸಹಳ್ಳಿ ಹತ್ತಿರ ರಸ್ತೆಗೆ ಅಡ್ಡ ನಿಂತ ಒಂಟಿಗನೆದುರು ನನ್ನ ಇಪ್ಪತ್ತು ವಾಲ್ವುಗಳೂ ರಿವರ್ಸಿನಲ್ಲಿ ತಮ್ಮ ಸಂಪೂರ್ಣ ಸಾಮರ್ಥ್ಯ ತೋರಿದವು. ಸಾಕ್ಷಿಗೆ ಯಾರೂ ಇರಲಿಲ್ಲ.

ಈ ಕಾರನ್ನು ಮನಸಾರೆ ಮೆಚ್ಚಿದವಳು ಅವ್ವ ಒಬ್ಬಳೇ. ಆಕ್ಟೇವಿಯಾದ ಡಿಕ್ಕಿ ಬಾಗಿಲು ಹಿಂದಿನ ಗಾಜಿನ ಸಮೇತ ಮೇಲೇಳುತ್ತದೆ, ಒಳಗೆ 528 ಲೀಟರ್ ಜಾಗ. ರಾಗಿ ಮೂಟೆಯನ್ನು ಬಗ್ಗಿಸದೆ ನೆಟ್ಟಗೆ ಇಳಿಸಬಹುದು. “ಇದನ್ನ ಮಾಡ್ದೋನು ಒಕ್ಕಲು ಮಗನೇ ಕಣಪ್ಪ” ಎಂದು ಅವಳ ತೀರ್ಮಾನ.

ಹದಿನೈದು ವರ್ಷ ತುಂಬಿ ನೋಂದಣಿ ನವೀಕರಿಸಲು ಹುಣಸೂರಿಗೆ ಒಯ್ದಾಗ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು. ಹದಿನೇಳೂ ಮೂಡಿದವು. ಅಲ್ಲಿ ಯಾರೂ ಬಿಲ್ಲೆಯ ಕಡೆ ಕಣ್ಣೆತ್ತಿ ನೋಡಲಿಲ್ಲ. ನೋಡಿದ್ದರೂ ಕಾಣುತ್ತಿರಲಿಲ್ಲ. ಹಿಂದಿನ ವಾರ ಲಕ್ಷ್ಮಣತೀರ್ಥದಲ್ಲಿ ಕಾರು ತೊಳೆಯುವಾಗ ನಮ್ಮಣ್ಣನ ಮಗ ಅದನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿಕೊಂಡು ಹೋಗಿದ್ದ.

ಈಗ ಅದು ನಮ್ಮ ಟ್ರ್ಯಾಕ್ಟರಿನ ಬಾನೆಟ್ ಮೇಲಿದೆ. ಮೊನ್ನೆ ಯಾರೋ ಅದನ್ನು ನೋಡಿ, ಟ್ರ್ಯಾಕ್ಟರು ಮಾರುವುದಾದರೆ ಹತ್ತು ಸಾವಿರ ಜಾಸ್ತಿಯೇ ಕೊಡುತ್ತೇನೆ ಎಂದರಂತೆ. ಅಪ್ಪ ಯೋಚನೆ ಮಾಡುತ್ತಿದ್ದಾರೆ.